ನಾಸಿಕದಲ್ಲಿ ಕಲಿತವರು, ರಾಮಮೂರ್ತಿ ನಗರದಲ್ಲಿ ಹಾಡುವವರು

ಭಾನುವಾರ ಬೆಳಗ್ಗೆ ರಾಮಮೂರ್ತಿ ನಗರ, ಹೊರಮಾವು, ಬಾಣಸವಾಡಿಯ ರಸ್ತೆಗಳಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ದಟ್ಟ ಬಣ್ಣದ ಕಿತೆಂಗೆ ಬಟ್ಟೆಯ ಉಡುಪು ತೊಟ್ಟ ಯುವಕ ಯುವತಿಯರು ಬೈಬಲ್ ಹಿಡಿದು ನಡೆಯುವುದು ಕಾಣುತ್ತದೆ. ಕೆನ್ಯಾ, ತಾಂಜಾನಿಯಾ, ಉಗಾಂಡಾ, ರುವಾಂಡಾ, ದಕ್ಷಿಣ ಸುಡಾನ್‌ಗಳಿಂದ ಇಲ್ಲಿನ ಕಾಲೇಜುಗಳಿಗೆ ಓದಲು ಬಂದವರು ಇವರಲ್ಲಿದ್ದಾರೆ. ಕೆಲವರು ಊರಿನ ಚರ್ಚುಗಳ ಇಂಗ್ಲಿಷ್ ಆರಾಧನೆಗೆ ಸೇರುತ್ತಾರೆ. ಕೆಲವರು ಬಾಡಿಗೆಯ ಹಾಲ್‌ನಲ್ಲೋ ಗೆಳೆಯರ ಮನೆಯಲ್ಲೋ ಕೂಡುತ್ತಾರೆ. ಒಬ್ಬರು ಸ್ವಾಹಿಲಿಯಲ್ಲಿ ‘ಬ್ವಾನಾ ಅಸಿಫಿವೆ’ ಎಂದರೆ ಉಳಿದವರು ‘ಆಮೆನ್’ ಎನ್ನುತ್ತಾರೆ. ನಮ್ಮ ಕನ್ನಡ ಸಭೆಗಳಲ್ಲಿ ‘ಪ್ರಭುವಿಗೆ ಸ್ತೋತ್ರ’ ಅನ್ನುವ ಹಾಗೆ.

ಈ ಹುಡುಗ ಹುಡುಗಿಯರ ಬಗ್ಗೆ ಬೆಂಗಳೂರಿಗೆ ಗೊತ್ತಿರುವುದೆಲ್ಲ ಹೆಚ್ಚಾಗಿ ಪೊಲೀಸ್ ಸುದ್ದಿಯಿಂದ ಬಂದದ್ದು. ಅದು ನನಗೆ ಬಹಳ ನೋವಿನ ಸಂಗತಿ. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡಾಗ, ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಚರ್ಮದ ಬಣ್ಣವೊಂದೇ ಆಕೆಯ ಗುರುತಾಯಿತು. ಪಕ್ಕದ ಮನೆಯಲ್ಲಿರುವವರು ಯಾವ ಊರಿನವರು, ಏನು ನಂಬುತ್ತಾರೆ, ಅದನ್ನು ಯಾರಿಂದ ಕಲಿತರು ಎಂಬುದು ತಿಳಿದಿದ್ದರೆ ಗುಂಪಿಗೆ ಕೈ ಎತ್ತುವುದು ಅಷ್ಟು ಸುಲಭವಾಗುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಭಾನುವಾರದ ಈ ಕೂಟಗಳು ನಡೆಯಲು ಪಾದ್ರಿಯೇ ಇರಬೇಕೆಂದಿಲ್ಲ. ಕಾಮರ್ಸ್ ಓದುವ ಹುಡುಗಿ ವಾಕ್ಯ ಬೋಧಿಸಬಹುದು, ನರ್ಸಿಂಗ್ ಓದುವವನು ಹಾಡು ಎತ್ತಿಕೊಡಬಹುದು. ಇದರ ಬೇರು ಪೂರ್ವ ಆಫ್ರಿಕಾದಲ್ಲೇ ಇದೆ. 1929ರಲ್ಲಿ ಕಂಪಾಲಾದ ನಮಿರೆಂಬೆ ಗುಡ್ಡದಲ್ಲಿ ಸಿಮಿಯೋನಿ ನ್ಸಿಬಾಂಬಿ ಎಂಬ ಉಗಾಂಡಾದವರೂ ರುವಾಂಡಾದ ಗಾಹಿನಿ ಆಸ್ಪತ್ರೆಯ ಇಂಗ್ಲಿಷ್ ವೈದ್ಯ ಜೋ ಚರ್ಚ್ ಅವರೂ ಒಟ್ಟಿಗೆ ಕುಳಿತು ಬೈಬಲ್ ಓದಿ ಪ್ರಾರ್ಥಿಸಿದರು. ಅಲ್ಲಿಂದಾಚೆ ಹಬ್ಬಿದ ಉಜ್ಜೀವನ ಚಳವಳಿಯಲ್ಲಿ ಶಿಕ್ಷಕರು, ದಾದಿಯರು, ರೈತರು ಸಭೆಯ ನಡುವೆ ಎದ್ದು ನಿಂತು ತಮ್ಮ ತಪ್ಪು ಒಪ್ಪಿಕೊಂಡರು, ಕರಿಯರೂ ಬಿಳಿಯರೂ ಪರಸ್ಪರ ಕ್ಷಮೆ ಕೇಳಿದರು. ‘ಬಲೊಕೊಲೆ’ (ರಕ್ಷಣೆ ಹೊಂದಿದವರು) ಎಂದು ಜನ ಕರೆದ ಇವರು ಧರ್ಮಬೋಧನೆಯನ್ನು ಪೀಠದಿಂದ ಇಳಿಸಿ ಮನೆಯ ಚಾಪೆಯ ಮೇಲೆ ತಂದರು.

ಅದಕ್ಕೂ ಹಿಂದಿನ ಕಥೆ ನಮ್ಮ ಕರಾವಳಿಗೆ ತಾಗಿಕೊಂಡಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನನ್ನು ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ. ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು. ಮರುವರ್ಷವೇ ಅದೇ ಬಾಸೆಲ್ಲಿನಲ್ಲಿ ಕಲಿತಿದ್ದ ಯೋಹಾನ್ ಲುಡ್ವಿಗ್ ಕ್ರಾಫ್, ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಪರವಾಗಿ ಮೊಂಬಾಸಾದಲ್ಲಿ ಇಳಿದರು. ಬಂದ ಕೆಲವೇ ತಿಂಗಳಲ್ಲಿ ಹೆಂಡತಿ ರೋಸಿನ್ ಮತ್ತು ಹಸುಗೂಸು ಜ್ವರಕ್ಕೆ ತುತ್ತಾದರು. ಕ್ರಾಫ್ ಆಗ ಊರಿಗೆ ಮರಳಲಿಲ್ಲ, ಸ್ವಾಹಿಲಿ ಕಲಿಕೆಯನ್ನೂ ಆದಿಕಾಂಡದ ಅನುವಾದವನ್ನೂ ಮುಂದುವರಿಸಿದರು. 1846ರಲ್ಲಿ ಜೊತೆಗೂಡಿದ ಯೋಹಾನೆಸ್ ರೆಬ್‌ಮನ್ ಕೂಡ ಬಾಸೆಲ್ಲಿನಲ್ಲಿ ಕಲಿತವರೇ. ಇಬ್ಬರೂ ಮೊಂಬಾಸಾ ಬಳಿಯ ರಬಾಯಿ ಎಂಬ ಹಳ್ಳಿಯಲ್ಲಿ ನೆಲೆ ಹೂಡಿದರು. ಬಾಸೆಲ್ ಮಿಷನ್ನಿನ ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಬಂತು, ಕ್ರಾಫ್‌ರ ಸ್ವಾಹಿಲಿ ನಿಘಂಟು ಅವರು ತೀರಿಕೊಂಡ ಮರುವರ್ಷ, 1882ರಲ್ಲಿ.

ಆದರೆ ರಬಾಯಿಯಲ್ಲಿ ಅವರ ಮಾತು ಕೇಳಿದವರು ಬೆರಳೆಣಿಕೆಯ ಮಂದಿ. ರೆಬ್‌ಮನ್ ಕಣ್ಣು ಮಂಜಾಗುವ ತನಕ, 1875ರವರೆಗೆ, ಅಲ್ಲೇ ಇದ್ದರು. ಅಲ್ಲಿನ ಸಭೆಗೆ ಜೀವ ಬಂದದ್ದು ಭಾರತದಲ್ಲಿ ಕಲಿತು ಹೋದ ಆಫ್ರಿಕನ್ನರಿಂದ.

ಅರಬ್ ಹಡಗುಗಳಲ್ಲಿ ಗುಲಾಮರಾಗಿ ಮಾರಾಟಕ್ಕೆ ಹೊರಟಿದ್ದ ಮಕ್ಕಳನ್ನು ಬ್ರಿಟಿಷ್ ನೌಕಾಪಡೆ ಸಮುದ್ರದಲ್ಲಿ ತಡೆದು ಮುಂಬಯಿಗೆ ತರುತ್ತಿತ್ತು. ತಾಯಿ ತಂದೆಯರ ಹೆಸರೂ ಮಸುಕಾಗುವಷ್ಟು ಎಳೆಯ ವಯಸ್ಸಿನವರು ಅವರಲ್ಲಿದ್ದರು. ಅವರಲ್ಲಿ ಅನೇಕರು ನಾಸಿಕದ ಬಳಿಯ ಶರಣಪುರದ ಮಿಷನ್ ಶಾಲೆ ಸೇರಿದರು. ಅಕ್ಷರದ ಜೊತೆಗೆ ಬಡಗಿ ಕೆಲಸ, ಕಮ್ಮಾರಿಕೆ ಕಲಿತರು. ಅಲ್ಲಿ ಓದಿದ ಜೇಕಬ್ ವೇನ್‌ರೈಟ್, 1873ರಲ್ಲಿ ಅನ್ವೇಷಕ ಲಿವಿಂಗ್‌ಸ್ಟನ್ ಸತ್ತಾಗ ಶವಸಂಸ್ಕಾರದ ಪ್ರಾರ್ಥನೆ ಓದಿ, ಮರದ ಮೇಲೆ ಹೆಸರು ಕೆತ್ತಿ, ಚೂಮಾ, ಸೂಸಿ ಮೊದಲಾದವರೊಡನೆ ದೇಹವನ್ನು ತಿಂಗಳುಗಟ್ಟಲೆ ಹೊತ್ತು ಕರಾವಳಿಗೆ ತಂದವರು. 1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶವಪೆಟ್ಟಿಗೆಯ ಪಕ್ಕ ನಡೆದವರಲ್ಲಿ ಅವರೊಬ್ಬರು.

ಅದೇ ಶಾಲೆಯ ವಿಲಿಯಂ ಜೋನ್ಸ್, ಇಷ್ಮಾಯೆಲ್ ಸೆಮ್ಲರ್, ಜಾರ್ಜ್ ಡೇವಿಡ್ 1860ರ ದಶಕದಲ್ಲೇ ರಬಾಯಿಗೆ ಹೋಗಿದ್ದರು. ಶರಣಪುರವನ್ನು ನಡೆಸಿದ್ದ ವಿಲಿಯಂ ಸಾಲ್ಟರ್ ಪ್ರೈಸ್ 1875ರಲ್ಲಿ ಮೊಂಬಾಸಾದ ಎದುರು ದಡದಲ್ಲಿ ಬಿಡುಗಡೆಯಾದ ಗುಲಾಮರಿಗಾಗಿ ಊರೊಂದನ್ನು ಕಟ್ಟಿದರು. ಅದಕ್ಕೆ ಮುಂಬಯಿಯ ಮಾಜಿ ಗವರ್ನರ್ ಬಾರ್ಟಲ್ ಫ್ರೇರ್ ಅವರ ಹೆಸರಿಟ್ಟು ಫ್ರೇರ್‌ಟೌನ್ ಎಂದು ಕರೆದರು. ಅಲ್ಲಿ ಪಾಠ ಹೇಳಿದವರು, ಬಾಗಿಲು ಕಿಟಕಿ ಜೋಡಿಸಿದವರು, ದುಭಾಷಿಗಳಾದವರು ಈ ‘ಬಾಂಬೆ ಆಫ್ರಿಕನ್ನರು’. 1885ರಲ್ಲಿ ಬಿಷಪ್ ಹ್ಯಾನಿಂಗ್ಟನ್ ಅವರು ಜೋನ್ಸ್ ಮತ್ತು ಸೆಮ್ಲರ್ ಇಬ್ಬರಿಗೂ ಡೀಕನ್ ದೀಕ್ಷೆ ಕೊಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ ಉಗಾಂಡಾದ ಬುಸೋಗಾದಲ್ಲಿ ಬಿಷಪ್ಪರ ಕೊಲೆಯಾದಾಗ ಉಳಿದ ಜನರನ್ನು ನಡೆಸಿಕೊಂಡು ರಬಾಯಿಗೆ ಮರಳಿದವರು ಜೋನ್ಸ್. ಒಡೆಯರಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಅವರು ರಬಾಯಿಯಲ್ಲಿ ಆಶ್ರಯ ಕೊಟ್ಟರು. ಒಡೆಯರು ಸಿಟ್ಟಾದರು, ಅಧಿಕಾರಿಗಳಿಗೆ ಇರಿಸುಮುರಿಸಾಯಿತು, ಜೋನ್ಸ್ ಬಾಗಿಲು ಮುಚ್ಚಲಿಲ್ಲ. ತಾನೇ ಒಮ್ಮೆ ಮಾರಾಟವಾಗಿದ್ದವನಿಗೆ ಬೇರೆ ದಾರಿ ಹೇಗೆ ತೋಚೀತು? ಪೂರ್ವ ಆಫ್ರಿಕಾದ ಮಿಷನ್ ಇತಿಹಾಸದಲ್ಲಿ ನನಗೆ ಅತ್ಯಂತ ದೊಡ್ಡವರಾಗಿ ಕಾಣುವುದು ಕ್ರಾಫ್, ರೆಬ್‌ಮನ್ ಅಲ್ಲ, ಈ ಜೋನ್ಸ್.

ಈ ಕಥೆಗೆ ಕನ್ನಡ ನಾಡಿನಲ್ಲೇ ಇನ್ನೊಂದು ಮಗ್ಗುಲಿದೆ. ಫ್ರೇರ್ ಗವರ್ನರಾದ 1862ರಲ್ಲೇ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಬಂತು. ಅಂದರೆ ನಾಸಿಕದ ಮಕ್ಕಳೂ ಹಳಿಯಾಳ, ಯಲ್ಲಾಪುರದ ಆಫ್ರಿಕಾ ಮೂಲದ ಸಿದ್ದಿಗಳೂ ಆಗ ಒಂದೇ ಸರಕಾರದ ಪ್ರಜೆಗಳು. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ಘಟ್ಟದ ಕಾಡಿಗೆ ತಪ್ಪಿಸಿಕೊಂಡು ಬಂದರು. ಅವರ ಸಂತತಿ ಇಲ್ಲಿಯವರೇ ಆಗಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿ ನೆಲೆಸಿದೆ. ಹಳಿಯಾಳದ ಕ್ರೈಸ್ತ ಸಿದ್ದಿಗಳು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಜ್ಞಾನಸ್ನಾನ ಸಿಕ್ಕಿತ್ತು, ಶಾಲೆ ಬಹುಕಾಲ ಸಿಗಲಿಲ್ಲ. ಭೂಮಾಲೀಕರ ತೋಟಗಳಲ್ಲಿ ದುಡಿಮೆ, ಸಾಲ, ಮತ್ತೆ ದುಡಿಮೆ. ಕಾರವಾರ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದೇ 1976ರಲ್ಲಿ. ಆಮೇಲೆ ಮುಂಡಗೋಡದಲ್ಲಿ ಜೆಸ್ವಿತರು ಶಾಲೆ, ವಸತಿ, ಸ್ವಸಹಾಯ ಸಂಘಗಳ ಕೆಲಸಕ್ಕೆ ಇಳಿದರು. ವನವಾಸಿ ಕಲ್ಯಾಣದಂಥ ಹಿಂದೂ ಸಂಸ್ಥೆಗಳೂ ದುಡಿದವು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ, ನಾಸಿಕದ ಶಾಲೆಯ ಹುಡುಗ ಜೋನ್ಸ್ ಡೀಕನ್ ದೀಕ್ಷೆ ಪಡೆದ 135 ವರ್ಷಗಳ ನಂತರ.