ಗಡ್ಡೆಯೊಳಗೆ ಮಾತ್ರ ಜ್ವರ

ಚೆನ್ನೈನಿಂದ ಕಡಲ ದಂಡೆ ಹಿಡಿದು ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ಕಲ್ಪಾಕ್ಕಂ. ಅಣುವಿದ್ಯುತ್ತಿಗೆ ಹೆಸರಾದ ಈ ಊರಿನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಜಾನ್ ಫಿಲಿಪ್ ಅವರ ತಂಡ ಕಾಂತೀಯ ದ್ರವಗಳನ್ನು ಬಿಸಿಮಾಡಿ ನೋಡಿದೆ. ಒಲೆಯಿಲ್ಲ, ಬೆಂಕಿಯಿಲ್ಲ. ವಿದ್ಯುತ್ ಹರಿಯುವ ತಂತಿಸುರುಳಿಯ ನಡುವೆ ದ್ರವವನ್ನಿಟ್ಟರೆ ಅದು ತಾನಾಗಿ ಕಾಯುತ್ತದೆ. ಎಷ್ಟು ಕಾಯಿತೆಂದು ಅವಗೆಂಪು ಕ್ಯಾಮೆರಾ ಮುಟ್ಟದೆಯೇ ಅಳೆಯುತ್ತದೆ. ಈ ಬಿಸಿ ಬೇಕಿರುವುದು ಕ್ಯಾನ್ಸರ್ ಚಿಕಿತ್ಸೆಗೆ.

ಅವಸರದಲ್ಲಿ ಬೆಳೆದ ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳು ಅಡ್ಡಾದಿಡ್ಡಿ. ಆರೋಗ್ಯವಂತ ಅಂಗಾಂಶದಲ್ಲಿ ಹರಿಯುವ ರಕ್ತ ಶಾಖವನ್ನು ಹೊತ್ತೊಯ್ಯುತ್ತದೆ. ಗಡ್ಡೆಯಲ್ಲಿ ಶಾಖ ಅಲ್ಲೇ ಉಳಿದುಬಿಡುತ್ತದೆ. 42ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ಇದ್ದರೂ ಜೀವಕೋಶದ ಪ್ರೋಟೀನುಗಳು ಕೆಡುತ್ತವೆ, ವಿಕಿರಣ ಚಿಕಿತ್ಸೆಯ ಪೆಟ್ಟನ್ನು ಸರಿಪಡಿಸಿಕೊಳ್ಳುವ ಶಕ್ತಿ ಕುಂದುತ್ತದೆ. ಆಮ್ಲಜನಕದ ಕೊರತೆಯಿಂದ ವಿಕಿರಣಕ್ಕೆ ಬಗ್ಗದ ಕೋಶಗಳೂ ಶಾಖಕ್ಕೆ ಬಗ್ಗುತ್ತವೆ. ತೊಡಕಿರುವುದು ಒಂದೇ ಕಡೆ: ಅಕ್ಕಪಕ್ಕ ಸುಡದಂತೆ ಆಳದ ಗಡ್ಡೆಗೆ ಶಾಖ ಮುಟ್ಟಿಸುವುದು ಹೇಗೆ?

ಇದಕ್ಕೆ ಸಿಕ್ಕ ಉಪಾಯ, ಕಾಂತೀಯ ದ್ರವದಲ್ಲಿ ತೇಲುವ, ಸುಮಾರು 10 ನ್ಯಾನೊಮೀಟರ್ ಅಗಲದ ಕಬ್ಬಿಣದ ಆಕ್ಸೈಡ್ ಕಣ. ಒಂದು ತಲೆಗೂದಲಿನ ಅಗಲದಲ್ಲಿ ಇಂಥ ಸಾವಿರಾರು ಕಣಗಳು ಸಾಲಾಗಿ ನಿಲ್ಲುತ್ತವೆ. ಅವನ್ನು ಗಡ್ಡೆಗೆ ಚುಚ್ಚಿ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರದಲ್ಲಿ ರೋಗಿಯನ್ನು ಮಲಗಿಸುತ್ತಾರೆ. ಕ್ಷೇತ್ರ ತಿರುಗಿದಂತೆಲ್ಲ ಕಣದೊಳಗಿನ ಕಾಂತದಿಕ್ಕೂ ತಿರುಗುತ್ತದೆ, ಕಣವೂ ಬುಗುರಿಯಂತೆ ಉರುಳುತ್ತದೆ. ಈ ತಿಣುಕಾಟವೇ ಶಾಖವಾಗುತ್ತದೆ. ಕ್ಷೇತ್ರ ನಿಂತರೆ ಕಣಗಳ ಕಾಂತತ್ವವೂ ಇಲ್ಲವಾಗುವುದರಿಂದ ಅವು ಒಂದಕ್ಕೊಂದು ಅಂಟಿ ಮುದ್ದೆಗಟ್ಟುವುದು ಕಡಿಮೆ.

ಆದರೆ ಮೈಯೆಂದರೆ ನೀರಿನ ಬಾಟಲಿಯಲ್ಲ. ಅಂಗಾಂಶದಲ್ಲಿ ಸಿಕ್ಕಿಬಿದ್ದ ಕಣ ಉರುಳಲಾರದು, ಬಿಸಿ ಇಳಿಯುತ್ತದೆ. ಇದನ್ನು ಅರಿಯಲು ಕಲ್ಪಾಕ್ಕಂ ತಂಡ ಅಂಗಾಂಶದ ಬದಲಿಗೆ ಬಳಸಿದ್ದು ಅಗರ್. ನಮ್ಮ ಅಡುಗೆಮನೆಗಳಲ್ಲಿ ಚೈನಾ ಗ್ರಾಸ್ ಎನ್ನುವ ಅದೇ ಕಡಲಪಾಚಿಯ ಸರಕು. ಅಗರ್ ಗಟ್ಟಿಯಾಗುವ ಮೊದಲೇ ಕಾಂತದಿಂದ ಕಣಗಳನ್ನು ಒಂದೇ ದಿಕ್ಕಿಗೆ ಜೋಡಿಸಿದಾಗ ಅವು ಹೆಚ್ಚು ಕಾದವು.

ಮನುಷ್ಯರ ಮೇಲಿನ ಅನುಭವ ಇನ್ನೂ ಕಿರಿದು. ಜರ್ಮನಿಯ ಮ್ಯಾಗ್‌ಫೋರ್ಸ್ ಸಂಸ್ಥೆಯ ವಿಧಾನಕ್ಕೆ ಮಿದುಳಿನ ಗಡ್ಡೆಗಾಗಿ 2010ರಲ್ಲಿ ಯುರೋಪಿನ ಒಪ್ಪಿಗೆ ಸಿಕ್ಕಿತು. ಗಡ್ಡೆ ಮರುಕಳಿಸಿದ 59 ರೋಗಿಗಳ ಅಧ್ಯಯನದಲ್ಲಿ ಶಾಖದೊಂದಿಗೆ ವಿಕಿರಣವನ್ನೂ ಕೊಟ್ಟಿದ್ದರು; ಹಿಂದಿನ ದಾಖಲೆಗಳಲ್ಲಿದ್ದ ಇಂಥ ರೋಗಿಗಳಿಗಿಂತ ಇವರು ಹೆಚ್ಚು ಕಾಲ ಬದುಕಿದರು. ಆದರೆ ಪಕ್ಕದಲ್ಲಿಟ್ಟು ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಲೋಹ ಕಾಯುವುದರಿಂದ ರೋಗಿಯ ಹಲ್ಲಿಗೆ ತುಂಬಿದ ಲೋಹವನ್ನು ತೆಗೆಸಬೇಕಿತ್ತು. ಉಳಿದ ಕಣಗಳು ಎಂಆರ್‌ಐ ಚಿತ್ರವನ್ನು ಕೆಡಿಸುತ್ತಿದ್ದವು.

ಹಾಗಾಗಿ ಇದು ವಿಕಿರಣ, ಔಷಧಗಳ ಜಾಗಕ್ಕೆ ಬರುವ ಚಿಕಿತ್ಸೆಯಲ್ಲ, ಅವುಗಳ ಕೈ ಬಲಪಡಿಸುವ ಜೊತೆಗಾರ. ನ್ಯಾನೊ ಹೆಸರಿನಲ್ಲಿ ಯಾರಾದರೂ ಪವಾಡ ಮಾರಿದರೆ, ಅದನ್ನು ನಂಬಿಕೊಂಡು ನಡೆಯುತ್ತಿರುವ ಚಿಕಿತ್ಸೆ ಬಿಡಬೇಡಿ. ಮೈಗೆಲ್ಲ ಏರದೆ ಗಡ್ಡೆಯಲ್ಲೇ ನಿಲ್ಲುವ ಜ್ವರ ಬೇಕಾದರೆ, ಗಡ್ಡೆಯ ಮೂಲೆಮೂಲೆಗೂ ಕಣ ತಲುಪಬೇಕು, ಸಿಕ್ಕಿಬಿದ್ದಲ್ಲೂ ಸಾಕಷ್ಟು ಕಾಯಬೇಕು. ಅಗರ್ ತುಂಡಿನಲ್ಲಿ ನಡೆಯುವ ತಾಳ್ಮೆಯ ಕೆಲಸ ನಮಗೆ ಮುಖ್ಯವಾಗುವುದು ಅದಕ್ಕೇ.