ಬಾಶೆಟ್ಟಿಹಳ್ಳಿಯ ಕೋಳಿ ಶೆಡ್ಡುಗಳಲ್ಲಿ ಕಂಡದ್ದು

ನಮ್ಮ ಸಂಘದ ಸದಸ್ಯರಲ್ಲಿ ಕೆಲವರು ಈಚೆಗೆ ತೋಟದ ಅಂಚಿನಲ್ಲಿ ಕೋಳಿ ಶೆಡ್ಡು ಹಾಕುವ ವಿಚಾರ ಮಾಡುತ್ತಿದ್ದಾರೆ. ಅಡಿಕೆಗೆ ಎಲೆಚುಕ್ಕಿ, ಕಾಫಿಗೆ ಅಕಾಲ ಮಳೆ; ಆಗಾಗ ಕೈಗೆ ಕಾಸು ಬರುವ ಉಪಕಸುಬು ಯಾರಿಗೆ ಬೇಡ? ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ನೀರು, ವಿದ್ಯುತ್ತು, ಆಳು ರೈತನದು. ಕೋಳಿ ಬೆಳೆದ ಮೇಲೆ ತೂಕದ ಲೆಕ್ಕದಲ್ಲಿ ಸಾಕಣೆ ಕೂಲಿ. ಸದಸ್ಯರು ಮತ್ತೆ ಮತ್ತೆ ವಿಚಾರಿಸಿದ್ದರಿಂದ, ಕೋಳಿಗೊಬ್ಬರಕ್ಕೆಂದು ದೊಡ್ಡಬಳ್ಳಾಪುರದ ಕಡೆ ಹೋದಾಗ ಬಾಶೆಟ್ಟಿಹಳ್ಳಿಯ ಆಸುಪಾಸಿನ ಒಂದೆರಡು ಶೆಡ್ಡುಗಳನ್ನು ನೋಡಿಕೊಂಡು ಬಂದೆವು.

ಹೋದದ್ದು ನಡುಬೇಸಿಗೆಯಲ್ಲಿ. ಬಯಲುಸೀಮೆಗೆ ಬಿಸಿಲು ಹೊಸದಲ್ಲ. ಆದರೆ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದ ಬಿಸಿಲು ಹಿಂದಿನವರು ಕಂಡದ್ದು ಅಪರೂಪ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದೇ ಅದಕ್ಕೆ ಮೈ ತಣಿಸಿಕೊಳ್ಳುವ ಮುಖ್ಯ ದಾರಿ. ಬಿಸಿಲಿಗೆ ಮೊದಲು ಸೋಲುವುದು ಎರಡು ಕಿಲೋ ತೂಗುವ, ಮಾರಾಟಕ್ಕೆ ಸಿದ್ಧವಾದ ಕೋಳಿ. ಎಂದರೆ ಮೇವಿನ ಖರ್ಚೆಲ್ಲ ಮುಗಿದ ಮೇಲೆ ಸಾಯುತ್ತದೆ.

ಹೊಸ ಯಂತ್ರಗಳನ್ನು ನೋಡಲೆಂದು ಹೋದ ನಮಗೆ ಹೆಚ್ಚಾಗಿ ಕಂಡದ್ದು ತೆಂಗಿನ ಗರಿ ಮತ್ತು ಗೋಣಿಚೀಲ. ಶೀಟಿನ ಮೇಲೆ ಸುಣ್ಣ ಬಳಿದು ಗರಿ ಹೊದಿಸಿದ್ದರು. ನೀರಿನ ತೊಟ್ಟಿಗೆ ಒದ್ದೆ ಗೋಣಿ ಸುತ್ತಿ, ಪೈಪನ್ನು ಮಣ್ಣಿನೊಳಗೆ ಹೂತಿದ್ದರು. ಬಿಸಿನೀರನ್ನು ಕೋಳಿ ಕುಡಿಯದು. ಶೆಡ್ಡಿನ ಉದ್ದ ಪೂರ್ವ ಪಶ್ಚಿಮವಾಗಿತ್ತು, ಉದ್ದನೆಯ ಬದಿಗೆ ಬಿಸಿಲು ನೇರ ಹೊಡೆಯದಂತೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮೇವಿನ ಪಾತ್ರೆ ಮೇಲೆತ್ತಿ, ನಸುಕಿನಲ್ಲೂ ರಾತ್ರಿಯೂ ಮೇವು ಕೊಡುತ್ತಾರೆ. ಜೀರ್ಣವಾಗುವಾಗ ಹುಟ್ಟುವ ಕಾವು ನಡುಹಗಲಿನ ಕಾವಿಗೆ ಸೇರಬಾರದೆಂಬುದು ಇದರ ಗುಟ್ಟು. ಇಷ್ಟಕ್ಕೂ ಮೀರಿದರೆ ಫ್ಯಾನು ಮತ್ತು ಮಂಜಿನಂತೆ ನೀರು ಸಿಂಪಡಿಸುವ ಫಾಗರ್.

ನಮ್ಮ ಮಟ್ಟಿಗೆ ನಿಜವಾದ ಪ್ರಶ್ನೆ ನೀರಿನದು. ಐದು ಸಾವಿರ ದೊಡ್ಡ ಕೋಳಿಗಳಿಗೆ ತಂಪು ದಿನದಲ್ಲಿ ಸುಮಾರು 1,500 ಲೀಟರ್ ಬೇಕಾದರೆ, ಬಿಸಿಲಿನಲ್ಲಿ ಅದು ಇಮ್ಮಡಿಯಾಗುತ್ತದೆ. ಫಾಗರಿನ ನೀರು ಬೇರೆ. ಬೋರುಗಳು ಆಳಕ್ಕೆ ಇಳಿದಿರುವ ಆ ತಾಲ್ಲೂಕಿನಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವವರೂ ಇದ್ದಾರೆ. “ಕರೆಂಟ್ ಬಿಲ್ಲು ನಮ್ದು, ಟ್ಯಾಂಕರ್ ನಮ್ದು. ಕೋಳಿ ಸತ್ರೆ ಅದೂ ನಮ್ ಕೂಲೀಲೇ ಮುರ್ಕೊಂತಾರೆ ಸಾರ್” ಎಂದರು ಒಬ್ಬ ಶೆಡ್ಡಿನ ಯಜಮಾನರು. ಬಿಸಿಲು ಏರಿದಷ್ಟೂ ಏರುವ ಖರ್ಚೆಲ್ಲ ರೈತನ ಪಾಲಿಗೇ ಬಿದ್ದಿದೆ. ಕೂಲಿಯ ದರಕ್ಕೆ ಬಿಸಿಲಿನ ಲೆಕ್ಕ ತಿಳಿಯದು. ಅವರು ನಡುಬೇಸಿಗೆಯ ಬ್ಯಾಚಿಗೆ ಮರಿ ಕಡಿಮೆ ಬಿಟ್ಟು ಜಾಗ ಸಡಿಲ ಮಾಡುತ್ತಾರಂತೆ. ಆದಾಯ ಕಡಿಮೆಯಾದರೂ ನಿದ್ದೆ ಬರುತ್ತದೆ ಎಂದು ನಕ್ಕರು.

ಅಲ್ಲಿನದನ್ನೆಲ್ಲ ಹಾಗೆಯೇ ಇಲ್ಲಿಗೆ ತರಲಾಗದು. ಫಾಗರ್ ಒಣಹವೆಗೆ ತಕ್ಕುದು. ನಮ್ಮ ತೇವದ ಹವೆಯಲ್ಲಿ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಅಮೋನಿಯ ಏಳುತ್ತದೆ, ರಕ್ತಭೇದಿ ರೋಗಕ್ಕೂ ದಾರಿಯಾಗುತ್ತದೆ. ನಮಗೆ ಮರದ ನೆರಳಿದೆ, ಆದರೆ ಗಾಳಿಗೆ ಮರವೇ ಅಡ್ಡಿ. ಹಿತ್ತಲಲ್ಲಿ ಇಪ್ಪತ್ತು ಮೂವತ್ತು ಸಾಕುವವರಿಗೆ ಹೆಬ್ಬಾಳದ ಗಿರಿರಾಜ ತಳಿಯೇ ವಾಸಿ ಎಂದು ನಮ್ಮ ಅನಿಸಿಕೆ.

ದೊಡ್ಡದಾಗಿ ಮಾಡಬೇಕೆಂಬ ಸದಸ್ಯರು ಮಾರ್ಚಿ, ಏಪ್ರಿಲ್‌ನಲ್ಲಿ ತಮ್ಮ ಬಾವಿಯ ನೀರನ್ನು ಅಳೆದು, ತೋಟಕ್ಕೆ ಬೇಕಾದಷ್ಟು ಕಳೆದು, ಉಳಿದದ್ದನ್ನು ಬರೆದಿಟ್ಟುಕೊಳ್ಳಲಿ. ಕರಾರಿಗೆ ಸಹಿ ಹಾಕುವ ಮುನ್ನ ಅದರ ಒಂದು ಪ್ರತಿಯನ್ನು ಸಂಘದ ಕಚೇರಿಗೆ ತಂದರೆ, ಬಿಸಿಲಿಗೆ ಸತ್ತ ಕೋಳಿಯ ನಷ್ಟ ಯಾರದೆಂಬ ಕಲಮನ್ನು ಜೊತೆಯಲ್ಲೇ ಕುಳಿತು ಓದೋಣ.