ಕಂಪ್ಯೂಟರಿಗೆ ಜೋಡಿಸಿದ ಉಪಕರಣಗಳೂ ವಿದ್ಯುಚ್ಛಕ್ತಿಯ ಮಿತವ್ಯಯವೂ

ಪಹಣಿ, ಬೆಳೆಯ ವಿವರ, ಸಹಾಯಧನದ ಅರ್ಜಿ ಮುಂತಾದುವು ಈಗ ಕಂಪ್ಯೂಟರಿನ ಮೂಲಕವೇ ನಡೆಯುತ್ತಿರುವುದು ಗ್ರಾಮದ ಯಜಮಾನರಿಗೂ ಭೂಮಾಲೀಕರಿಗೂ ತಿಳಿದ ವಿಷಯವೇ ಆಗಿದೆ. ಇಂತಹ ಕೆಲಸದ ನಡುವೆ ಹೆಬ್ಬೆಟ್ಟಿನ ಗುರುತಿನ ಯಂತ್ರದ ದೀಪವು ಆರಿಹೋಗಿ, ದೂರದಿಂದ ಬಂದ ವೃದ್ಧರು ಕಾದು ಕುಳಿತಿರಬೇಕಾಗುವುದುಂಟು. ಯಂತ್ರವು ಕೆಟ್ಟಿತೆಂದು ಭಾವಿಸಿ ಹೊಸದನ್ನು ಕೊಳ್ಳುವವರೂ ಉಂಟು. ಆದರೆ ಅನೇಕ ವೇಳೆ ಅದು ಕೆಟ್ಟಿರುವುದಿಲ್ಲ; ಕಂಪ್ಯೂಟರು ಮಿತವ್ಯಯಕ್ಕಾಗಿ ಅದನ್ನು ನಿದ್ರೆಗೆ ಕಳುಹಿಸಿರುತ್ತದೆ.

ಕೆಲಸವಿಲ್ಲದಾಗ ನೊಗದಿಂದ ಎತ್ತುಗಳನ್ನು ಬಿಚ್ಚುವಂತೆ, ವಿಂಡೋಸ್ ವ್ಯವಸ್ಥೆಯು ಸುಮ್ಮನಿರುವ ಯುಎಸ್‌ಬಿ ಉಪಕರಣಗಳಿಗೆ ವಿಶ್ರಾಂತಿ ಕೊಡುತ್ತದೆ. ಕ್ರಮವು ಒಳ್ಳೆಯದೇ. ಆದರೆ ಕೆಲವು ಉಪಕರಣಗಳು ಕರೆದೊಡನೆ ಏಳುವುದಿಲ್ಲ.

ಇದರಿಂದಾಗುವ ಉಳಿತಾಯವೆಷ್ಟು? ಯುಎಸ್‌ಬಿ 2.0 ಕ್ರಮದಲ್ಲಿ ಒಂದು ಉಪಕರಣವು 5 ವೋಲ್ಟಿನಲ್ಲಿ 500 ಮಿಲಿಆಂಪಿಯರಿನವರೆಗೆ, ಅಂದರೆ ಎರಡೂವರೆ ವಾಟಿನಷ್ಟು, ಶಕ್ತಿಯನ್ನು ಪಡೆಯಬಹುದು. ದಿನಕ್ಕೆ 10 ಗಂಟೆಗಳಂತೆ ಪೂರ್ಣವಾಗಿ ಬಳಸಿದರೂ ಒಂದು ಯೂನಿಟ್ ಖರ್ಚಾಗಲು 40 ದಿನಗಳು ಬೇಕು. ಆದುದರಿಂದ ತಂತಿಯ ವಿದ್ಯುತ್ತಿನಿಂದ ನಡೆಯುವ ಕಂಪ್ಯೂಟರಿನಲ್ಲಿ ಅಗತ್ಯವಾದ ಒಂದು ಉಪಕರಣಕ್ಕೆ ಈ ನಿಯಮದಿಂದ ವಿನಾಯಿತಿ ಕೊಡುವುದರಿಂದ ನಷ್ಟವಿಲ್ಲ.

ವಿನಾಯಿತಿ ಕೊಡತಕ್ಕ ಕ್ರಮವು ಹೀಗಿದೆ:

1. ಆಡಳಿತಾಧಿಕಾರವುಳ್ಳ ಖಾತೆಯಿಂದ ಪ್ರವೇಶಿಸಿ, 'ಡಿವೈಸ್ ಮ್ಯಾನೇಜರ್' ಎಂಬುದನ್ನು ತೆರೆಯತಕ್ಕದ್ದು.

2. ಅಲ್ಲಿ ಆ ಉಪಕರಣದ ಹೆಸರನ್ನಾಗಲಿ, 'ಯುಎಸ್‌ಬಿ ರೂಟ್ ಹಬ್' ಎಂಬುದನ್ನಾಗಲಿ ಆರಿಸಿ, 'ಪ್ರಾಪರ್ಟೀಸ್' ಒಳಗಿನ 'ಪವರ್ ಮ್ಯಾನೇಜ್‌ಮೆಂಟ್' ಪುಟಕ್ಕೆ ಹೋಗಬೇಕು.

3. ಶಕ್ತಿಯ ಉಳಿತಾಯಕ್ಕಾಗಿ ಉಪಕರಣವನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಸಾಲಿನ ಮುಂದಿರುವ ಗುರುತನ್ನು ತೆಗೆದು, 'ಓಕೆ' ಒತ್ತಬೇಕು.

ಕೆಲವು ಕಂಪ್ಯೂಟರುಗಳಲ್ಲಿ ಈ ಪುಟವು ಕಾಣುವುದಿಲ್ಲ. ಅಂತಹ ಸಂದರ್ಭದಲ್ಲಿ ತಂತಿಯನ್ನು ಬಿಡಿಸಿ ಮತ್ತೆ ಜೋಡಿಸಿದರೆ ಉಪಕರಣವು ಸಾಮಾನ್ಯವಾಗಿ ಎಚ್ಚರಗೊಳ್ಳುತ್ತದೆ. ಆದರೆ ಲೆಕ್ಕಪತ್ರಗಳುಳ್ಳ ಹೊರಗಣ ಡಿಸ್ಕನ್ನು ಮಾತ್ರ ಬರವಣಿಗೆ ನಡೆಯುತ್ತಿರುವಾಗ ಎಂದಿಗೂ ಕೀಳಬಾರದು. ವರ್ಷದ ಲೆಕ್ಕವೇ ಹಾಳಾಗಬಹುದು.

ಬ್ಯಾಟರಿಯಿಂದ ನಡೆಯುವ ಲ್ಯಾಪ್‌ಟಾಪಿನಲ್ಲಿ ಪ್ರತಿಯೊಂದು ವಾಟೂ ಬೆಲೆಯುಳ್ಳದ್ದು. ಅಲ್ಲಿ ತೊಂದರೆ ಕೊಡುವ ಉಪಕರಣವೊಂದನ್ನು ಬಿಟ್ಟು ಉಳಿದವುಗಳಿಗೆ ಮಿತವ್ಯಯದ ನಿಯಮವನ್ನು ಹಾಗೆಯೇ ಉಳಿಸುವುದು ಮೇಲು. ಲೇಸರ್ ಪ್ರಿಂಟರಿನ ನಿದ್ರೆಯನ್ನಂತೂ ತಪ್ಪಿಸಲೇಬಾರದು. ಶಾಯಿಯ ಪುಡಿಯನ್ನು ಕಾಗದಕ್ಕೆ ಅಂಟಿಸುವ ಅದರ ಉರುಳೆಯನ್ನು ಕಾಯಿಸಲು ನೂರಾರು ವಾಟುಗಳು ಬೇಕಾಗುತ್ತವೆ. ಕಂಪ್ಯೂಟರಿನ ಪರದೆಯು ಐದು ನಿಮಿಷಗಳ ಬಿಡುವಿನ ನಂತರ ತಾನಾಗಿ ಆರುವಂತೆ ಏರ್ಪಡಿಸುವುದೂ ಉತ್ತಮ.

ಹೆಚ್ಚು ಶಕ್ತಿಯನ್ನು ಬಳಸುವುದಕ್ಕೆ ವಿಶ್ರಾಂತಿ ಕೊಟ್ಟು, ಅಲ್ಪ ಬಳಸಿ ಹೆಚ್ಚು ಸೇವೆ ಮಾಡುವುದನ್ನು ಎಚ್ಚರವಾಗಿರಿಸುವುದೇ ನಿಜವಾದ ಮಿತವ್ಯಯವು.